ಹೆಸರಿನ ಚೀಟಿಯಲ್ಲಿ ಹಣ್ಣು ಬಿಡುವುದಿಲ್ಲ

ಮುಂಗಾರಿನ ನಾಲ್ಕು ಮಳೆ ಬಿದ್ದರೆ ಸಾಕು, ಕರಾವಳಿಯ ಹೆದ್ದಾರಿ ಬದಿಯ ನರ್ಸರಿಗಳ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಹಿಂದೆ ಅಲ್ಲಿ ಜನ ಕೇಳುತ್ತಿದ್ದದ್ದು ಕಸಿ ಮಾವು, ಚಿಕ್ಕು, ಹೆಚ್ಚೆಂದರೆ ಒಂದು ತೆಂಗಿನ ಸಸಿ. ಈಗಿನ ಪಟ್ಟಿಯೇ ಬೇರೆ: ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್, ಲಾಂಗನ್, ಅಬಿಯು, ಸಾಂತೋಲ್, ಜಬೋಟಿಕಾಬ, ಮಿರಾಕಲ್ ಫ್ರೂಟ್. ಅಡಿಕೆ ತೋಟದ ಬದಿಯಲ್ಲಿ, ಮಂಗಳೂರಿನ ಐದು ಸೆಂಟ್ಸ್ ಸೈಟಿನ ಮನೆಯ ಹಿಂಬದಿಯಲ್ಲಿ, ಅದೂ ಇಲ್ಲದವರ ತಾರಸಿಯ ಡ್ರಮ್ಮುಗಳಲ್ಲಿ ಹಣ್ಣಿನ ಗಿಡಗಳ ಸಂಗ್ರಹ ಬೆಳೆಯುತ್ತಿದೆ. ‘ನಿಮ್ಮಲ್ಲಿ ಎಷ್ಟು ವೆರೈಟಿ ಉಂಟು?’ ಎಂಬ ಪ್ರಶ್ನೆ ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ‘ಎಷ್ಟರ ಹಣ್ಣು ತಿಂದಿರಿ?’ ಎಂದು ಕೇಳುವವರು ಕಡಿಮೆ. ಕೇಳಬೇಕಾದದ್ದು ಅದನ್ನೇ.

ಪರದೇಶದ ಹಣ್ಣು ನಮಗೇಕೆ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಅಜ್ಜಿಯ ಕಾಲದ ಹಿತ್ತಲನ್ನೇ ನೋಡಿ. ಬಚ್ಚಲ ನೀರು ಹರಿಯುವಲ್ಲಿ ಜೀಗುಜ್ಜೆ, ಅಡುಗೆಮನೆಯಿಂದ ಕೈಗೆಟಕುವಲ್ಲಿ ಬಿಂಬುಳಿ, ಬಾವಿಕಟ್ಟೆಯ ಹತ್ತಿರ ಪೇರಲೆ, ಗೊಬ್ಬರದ ಗುಂಡಿಯ ಪಕ್ಕ ತಾನಾಗಿ ಎದ್ದ ಪಪ್ಪಾಯಿ, ಬೇಲಿಯ ಆಚೆ ಗೇರು. ಇವುಗಳಲ್ಲಿ ಒಂದೂ ಮೂಲತಃ ಈ ಮಣ್ಣಿನದಲ್ಲ. ಪೇರಲೆ, ಪಪ್ಪಾಯಿ, ಗೇರು, ಚಿಕ್ಕು, ಅನಾನಸು ಎಲ್ಲ ಅಮೆರಿಕ ಖಂಡದವು. ಹೆಚ್ಚಿನವು ಪೋರ್ಚುಗೀಸರ ಹಡಗುಗಳು ಗೋವೆಗೆ ಬರತೊಡಗಿದ ಮೇಲೆ ನಮಗೆ ದಕ್ಕಿದವು. ಬಿಂಬುಳಿ ಇಂಡೋನೇಷ್ಯಾದ ಕಡೆಯದು. ಜೀಗುಜ್ಜೆ ಶಾಂತಸಾಗರದ ದ್ವೀಪಗಳದ್ದು, ಅದರ ಹಿಂದೊಂದು ದಂಗೆಯ ಕಥೆಯೇ ಇದೆ. ವೆಸ್ಟ್ ಇಂಡೀಸಿನ ಗುಲಾಮರಿಗೆ ಅಗ್ಗದ ಆಹಾರವಾದೀತೆಂದು ತಾಹಿತಿಯಿಂದ ಸಾವಿರಕ್ಕೂ ಹೆಚ್ಚು ಜೀಗುಜ್ಜೆ ಸಸಿಗಳನ್ನು ಹೇರಿಕೊಂಡು ಹೊರಟ ‘ಬೌಂಟಿ’ ಹಡಗಿನಲ್ಲಿ 1789ರ ಏಪ್ರಿಲ್‌ನಲ್ಲಿ ನಾವಿಕರು ದಂಗೆಯೆದ್ದರು, ಕಪ್ತಾನ ಬ್ಲೈನನ್ನು ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಬಿಟ್ಟರು, ಸಸಿಗಳನ್ನೂ ನೀರಿಗೆಸೆದರು. ಆತ ಬದುಕಿ ಬಂದು, ಇನ್ನೊಂದು ಹಡಗಿನಲ್ಲಿ ಮತ್ತೆ ಹೋಗಿ, 1793ರಲ್ಲಿ ಸಸಿಗಳನ್ನು ಜಮೈಕಾಕ್ಕೆ ಮುಟ್ಟಿಸಿದ. ಮನುಷ್ಯನಿಗೆ ಗಿಡ ತರುವ ಹುಚ್ಚು ಹಳೆಯದೇ. ಆದರೆ ಅಜ್ಜಿ ಗಿಡಕ್ಕೊಂದು ಜಾಗ ನೋಡಿಯೇ ನೆಡುತ್ತಿದ್ದಳು. ನಾವು ಗಿಡ ತಂದಾದ ಮೇಲೆ ಜಾಗ ಹುಡುಕುತ್ತೇವೆ.

ನರ್ಸರಿಯವರು ‘ಇದು ಉಷ್ಣವಲಯದ ಗಿಡ, ನಮ್ಮದೂ ಉಷ್ಣವಲಯ, ಬಂದೇ ಬರುತ್ತದೆ’ ಎನ್ನುತ್ತಾರೆ. ಅರ್ಧ ಸತ್ಯ. ಮಲೇಷ್ಯಾ, ಬೋರ್ನಿಯೋಗಳ ಕಾಡಿನಲ್ಲಿ ಬಹುತೇಕ ಎಲ್ಲ ತಿಂಗಳೂ ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ಡಿಸೆಂಬರ್‌ನಿಂದ ಮೇ ನಡುವಿನವರೆಗೆ ಆಕಾಶ ಬರಿದು. ಅಂದರೆ ಇಲ್ಲಿಗೆ ಬಂದ ಮಲಯಾ ಗಿಡಕ್ಕೆ ಎರಡು ಪರೀಕ್ಷೆ: ನಾಲ್ಕು ತಿಂಗಳು ನೀರಿನಲ್ಲಿ ಉಸಿರುಗಟ್ಟದೆ ಇರುವುದು, ಐದಾರು ತಿಂಗಳು ಬಾಯಾರಿ ಸಾಯದೆ ಇರುವುದು.

ಮೊದಲ ಪರೀಕ್ಷೆಯಲ್ಲಿ ಸೋಲುವ ಗಿಡಗಳೇ ಹೆಚ್ಚು, ಆದರೆ ಬೈಗುಳ ಬೀಳುವುದು ಬೇಸಿಗೆಗೆ. ಮುರಕಲ್ಲಿನ ನೆಲದಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿ, ಸುಡುಮಣ್ಣು, ಹಟ್ಟಿಗೊಬ್ಬರ, ಮೇಲ್ಮಣ್ಣು ತುಂಬಿ ನೆಡಬೇಕೆಂಬುದು ಎಲ್ಲರೂ ಹೇಳುವ ಕ್ರಮ. ಗಟ್ಟಿ ಮುರದಲ್ಲಿ ಆ ಗುಂಡಿಯ ಗೋಡೆ ನೀರು ಹೀರುವುದಿಲ್ಲ. ಒಳಗಿನ ಮಣ್ಣು ಸಡಿಲ, ಸುತ್ತಲಿನದು ಕಲ್ಲು. ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಹೊಡೆದರೆ ಗುಂಡಿ ತೊಟ್ಟಿಯಾಗುತ್ತದೆ. ಮೇಲೆ ನಿಂತು ನೋಡುವವನಿಗೆ ನೀರು ಕಾಣುವುದಿಲ್ಲ. ಕೈಯಿಂದ ಮಣ್ಣು ಕೆದಕಿದರೆ ಒಂದು ಗೇಣು ಕೆಳಗೆ ಕೊಳೆತ ವಾಸನೆ ಬರುತ್ತದೆ, ಬೇರಿನ ಸಿಪ್ಪೆ ಬೆರಳಿಗೆ ಸುಲಿದು ಬರುತ್ತದೆ. ಎಲೆಗಳು ಮಾತ್ರ ಸೆಪ್ಟೆಂಬರ್‌ವರೆಗೂ ಹಸಿರಾಗಿಯೇ ಇರುತ್ತವೆ. ಅಕ್ಟೋಬರಿನ ಮೊದಲ ಬಿಸಿಲಿಗೆ ಗಿಡ ನಿಂತಲ್ಲೇ ಬಾಡುತ್ತದೆ, ಮನೆಯವರು ‘ನೀರು ಸಾಲಲಿಲ್ಲ’ ಎಂದು ಇನ್ನೂ ಎರಡು ಕೊಡ ಹೊಯ್ಯುತ್ತಾರೆ. ಬೆಣ್ಣೆಹಣ್ಣಿನ ಗಿಡಗಳು ಹೀಗೆ ಸಾಯುವುದು ನಮ್ಮಲ್ಲಿ ಬಹಳ. ನೀರು ನಿಂತಲ್ಲಿ ಫೈಟಾಫ್ತೊರಾ ಎಂಬ ಬೇರುಕೊಳೆ ರೋಗ ಅದಕ್ಕೆ ಕಾದೇ ಕೂತಿರುತ್ತದೆ.

ಉಪಾಯ ಸುಲಭ. ಗುಂಡಿ ತೋಡಿದ ದಿನ ಅದರ ತುಂಬ ನೀರು ತುಂಬಿ, ಮರುದಿನ ಬೆಳಿಗ್ಗೆ ನೋಡಿ. ನೀರು ಇಂಗಿದ್ದರೆ ನೆಡಬಹುದು. ಇಂಗದಿದ್ದರೆ ಇಳಿಜಾರಿನ ಕಡೆಗೊಂದು ಕಣಿ ಕಡಿದು ಗುಂಡಿಯ ತಳದಿಂದಲೇ ನೀರು ಹೊರಹೋಗುವಂತೆ ಮಾಡಬೇಕು. ಇಲ್ಲವೇ ಗುಂಡಿಯ ಗೊಡವೆಯೇ ಬೇಡ, ನೆಲದ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಮಣ್ಣಿನ ದಿಬ್ಬ ಮಾಡಿ ನೆಡಬೇಕು. ಜೂನ್ ಮೊದಲ ವಾರವೇ ನೆಡಬೇಕೆಂಬ ಹಟವೂ ಬೇಡ. ಮಳೆಯ ಅಬ್ಬರ ಇಳಿದ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ನೆಟ್ಟ ಗಿಡಕ್ಕೆ ಬೇಸಿಗೆಗೆ ಮುಂಚೆ ಬೇರು ಬಿಡಲು ಸಮಯ ಸಿಗುತ್ತದೆ, ಬೇಸಿಗೆಯಲ್ಲಿ ನೀರು ಕೊಡುವ ತಾಕತ್ತಿದ್ದವರಿಗೆ ಇದೇ ಒಳ್ಳೆಯ ಕಾಲ.

ಎರಡನೆಯ ಪರೀಕ್ಷೆ, ಅಂದರೆ ಬೇಸಿಗೆ, ಪೂರ್ತಿ ಶತ್ರುವಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್‌ಗಳು ಹೂ ಬಿಡಬೇಕಾದರೆ ಮೂರು ನಾಲ್ಕು ವಾರಗಳ ಒಣಹವೆ ಬೇಕೇ ಬೇಕು. ಅವುಗಳ ತವರಿನಲ್ಲಿ ಕೆಲವು ವರ್ಷ ಒಣಗಾಲವೇ ಸರಿಯಾಗಿ ಬಾರದೆ ಫಸಲು ಕೈಕೊಡುವುದುಂಟು. ನಮ್ಮಲ್ಲಿ ಆ ಭಯವಿಲ್ಲ. ಆದ್ದರಿಂದ ಮಳೆ ನಿಂತ ಮೇಲೆ ದೊಡ್ಡ ಗಿಡಗಳಿಗೆ ನೀರಿನ ಕೈ ಸ್ವಲ್ಪ ಬಿಗಿ ಹಿಡಿಯಬೇಕು. ಹೂಗೊಂಚಲು ಮೂಡಿದ್ದು ಕಂಡ ಕೂಡಲೇ ನೀರು ಶುರು ಮಾಡಬೇಕು, ಮತ್ತೆ ಮಳೆ ಬರುವ ತನಕ ತಪ್ಪಿಸಬಾರದು. ನಮ್ಮ ಜನ ಮಾಡುವುದು ಸರಿಯಾಗಿ ಇದರ ತಿರುವುಮುರುವು. ಬಾವಿಯಲ್ಲಿ ನೀರಿರುವ ಡಿಸೆಂಬರಿನಲ್ಲಿ ಧಾರಾಳ, ಹೀಚು ನಿಂತ ಏಪ್ರಿಲ್‌ನಲ್ಲಿ ಪಂಪು ಬಂದ್. ಆಮೇಲೆ ಹೀಚು ಉದುರಿತೆಂದು ನರ್ಸರಿಗೆ ಫೋನು.

ಮ್ಯಾಂಗೋಸ್ಟೀನಿಗೆ ಇನ್ನೊಂದು ಕಾಟವಿದೆ. ಹಣ್ಣಾಗುವ ಹೊತ್ತಿಗೆ ಮಳೆ ಜೋರಾದರೆ ಸಿಪ್ಪೆಯೊಳಗಿನ ಹಳದಿ ಮೇಣ ಒಡೆದು ಬಿಳಿ ತೊಳೆಗಳ ಮೇಲೆ ಹರಿಯುತ್ತದೆ, ತೊಳೆ ಕಹಿಯಾಗುತ್ತದೆ. ಕೆಲವು ತೊಳೆಗಳು ನೀರುಗಟ್ಟಿ ಗಾಜಿನಂತೆ ಪಾರದರ್ಶಕವಾಗುತ್ತವೆ. ರೋಗವಲ್ಲ, ಔಷಧಿಯೂ ಇಲ್ಲ. ಮರ ಬೇಗ ಹೂ ಬಿಟ್ಟು ಮಳೆಗೆ ಮುಂಚೆ ಹಣ್ಣಾದರೆ ಮಾತ್ರ ಬಚಾವು. ಹಾಗಿದ್ದೂ ಅದನ್ನು ನೆಡಬೇಕು ಎಂಬುದೇ ನನ್ನ ಮತ. ಅಡಿಕೆ ತೋಟದ ತಂಪು ನೆರಳು ಅದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಮೂರ್ನಾಲ್ಕು ವರ್ಷ ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ನಮ್ಮ ಪುನರ್ಪುಳಿ, ಉಪ್ಪಾಗೆಗಳ ಹತ್ತಿರದ ಸಂಬಂಧಿ ಅದು. ಆದರೆ ಗುಣ ಬೇರೆ.

ಗುಣ ಬೇರೆ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ಗಿಡ ಕೊಳ್ಳುವವರು ಬಣ್ಣ, ರುಚಿ, ಬೆಲೆ ಎಲ್ಲ ಕೇಳುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಪುನರ್ಪುಳಿಯಲ್ಲಿ, ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಎಂಬುದು ಹಳ್ಳಿಯ ಎಲ್ಲರಿಗೂ ಗೊತ್ತು. ರಂಬುಟಾನ್ ಕೂಡ ಅದೇ ಜಾತಿಯ ತಕರಾರಿನದು. ಬೀಜ ಹಾಕಿ ಬೆಳೆಸಿದ ರಂಬುಟಾನಿನಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ. ಆರೇಳು ವರ್ಷ ನೀರು ಹೊಯ್ದು, ಮರದ ತುಂಬ ಹೂ ಬಿಟ್ಟಾಗ ಊರಿಗೆಲ್ಲ ಹೇಳಿಕೊಂಡು, ಕೊನೆಗೆ ಒಂದು ಹಣ್ಣೂ ಇಲ್ಲದೆ ಕೊಡಲಿ ಎತ್ತಿದವರಿದ್ದಾರೆ. ಇದರಲ್ಲಿ ಕಸಿ ಗಿಡವನ್ನೇ ಕೊಳ್ಳಬೇಕು. ಕೇರಳದಲ್ಲಿ ಎನ್-18 ಎಂಬ ತಳಿ ಹೆಚ್ಚು ಪ್ರಚಾರದಲ್ಲಿದೆ. ನಮ್ಮ ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಕೆಂಪು ಸಿಪ್ಪೆಯ ‘ಅರ್ಕಾ ಕೂರ್ಗ್ ಅರುಣ್’ ಮತ್ತು ಹಳದಿ ಸಿಪ್ಪೆಯ ‘ಅರ್ಕಾ ಕೂರ್ಗ್ ಪೀತಾಭ್’ ಎಂಬ ತಳಿಗಳನ್ನು ಕೊಟ್ಟಿದೆ.

ಮ್ಯಾಂಗೋಸ್ಟೀನಿನಲ್ಲಿ ಗಂಡು ಮರವೇ ಇಲ್ಲ. ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ, ಹಾಗಾಗಿ ಬೀಜದ ಗಿಡವೂ ತಾಯಿಯ ಗುಣದ್ದೇ. ಕಸಿ ಗಿಡಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ಇಲ್ಲಿ ಕಡಿಮೆ. ಕಸಿ ಬೇಗ ಹಣ್ಣು ಕೊಟ್ಟರೂ ಗಿಡ ಕುಳ್ಳಾಗಿ, ಬೆಳವಣಿಗೆ ನಿಧಾನವಾಗಿ ಇರುತ್ತದೆ. ಬೀಜದ್ದಾದರೆ ಏಳರಿಂದ ಹತ್ತು ವರ್ಷ ಕಾಯುವ ತಾಳ್ಮೆ ಬೇಕು, ಅಷ್ಟೆ. ಬೆಣ್ಣೆಹಣ್ಣಿನದು ಇನ್ನೂ ವಿಚಿತ್ರ. ಪ್ರತಿ ಹೂವೂ ಎರಡು ಬಾರಿ ಅರಳುತ್ತದೆ, ಮೊದಲು ಹೆಣ್ಣಾಗಿ, ಮತ್ತೆ ಗಂಡಾಗಿ. ‘ಎ’ ಗುಂಪಿನ ತಳಿಗಳಲ್ಲಿ ಹೂ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ‘ಬಿ’ ಗುಂಪಿನಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಒಂಟಿ ಮರ ಹಣ್ಣು ಬಿಡುವುದೇ ಇಲ್ಲವೆಂದಲ್ಲ, ಆದರೆ ಎರಡೂ ಗುಂಪಿನ ಒಂದೊಂದು ಮರ ಅಕ್ಕಪಕ್ಕದ ಮನೆಗಳಲ್ಲಿದ್ದರೆ ಎರಡೂ ಮನೆಗೆ ಲಾಭ. ಡುರಿಯನ್ ಹೂ ಸಂಜೆ ಅರಳುತ್ತದೆ, ಪರಾಗ ಒಯ್ಯುವುದು ಬಾವಲಿ. ಹಲವು ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಐದು ಸೆಂಟ್ಸಿನಲ್ಲಿ ಒಂಟಿ ಡುರಿಯನ್ ನೆಡುವವರು ಇದನ್ನು ತಿಳಿದು ನೆಡಲಿ. ವಾಸನೆಯ ವಿಷಯ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳುವುದೂ ಒಳ್ಳೆಯದು.

ಬೀಜದ ಮಾತು ಬಂತು. ಮಳೆಕಾಡಿನ ಮರಗಳ ಬೀಜಕ್ಕೆ ಕಾದು ಕೂರುವ ಅಭ್ಯಾಸವಿಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಹಲಸು ಯಾವುದರ ಬೀಜವೂ ಒಣಗಿಸಿ ಡಬ್ಬಿಯಲ್ಲಿಡುವಂಥದ್ದಲ್ಲ; ಒಣಗಿದರೆ ಸತ್ತಿತು. ಅಂಚೆಯಲ್ಲಿ ಒಣ ಬೀಜ ತರಿಸಿ ಮೊಳಕೆಗೆ ಕಾಯುವವರು ಅಂಚೆಗೇ ಹಣ ಕೊಟ್ಟಂತೆ. ಹಣ್ಣು ತಿಂದ ದಿನವೇ ಬೀಜ ತೊಳೆದು ಮಣ್ಣಿಗೆ ಹಾಕಬೇಕು.

ವಿಮಾನದಲ್ಲಿ ಸೂಟ್‌ಕೇಸಿನೊಳಗೆ ಗಿಡ ತರುವ ಶೂರರೂ ಇದ್ದಾರೆ. ಬ್ಯಾಂಕಾಕಿನ ಪ್ರವಾಸದ ಕೊನೆಯ ದಿನ ಗಿಡದ ಪೇಟೆ ಎಂಬುದೀಗ ಕೆಲವರ ಕಾರ್ಯಕ್ರಮ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಿಗೆ ಮತ್ತು ರೋಗಮುಕ್ತಿಯ ಪ್ರಮಾಣಪತ್ರವಿಲ್ಲದೆ ಸಸಿ ತರುವಂತಿಲ್ಲ. ಇದನ್ನು ಕಿರಿಕಿರಿಯ ಕಾನೂನು ಎನ್ನುವವರಿಗೆ ಪಪ್ಪಾಯಿಯ ಬಿಳಿ ಹಿಟ್ಟುತಿಗಣೆಯನ್ನು ನೆನಪಿಸಬೇಕು. ಮೆಕ್ಸಿಕೊ ಕಡೆಯ ಆ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಎರಡು ವರ್ಷದೊಳಗೆ ದಕ್ಷಿಣದ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಮುತ್ತಿತು. 2010ರಲ್ಲಿ ಹೊರಗಿನಿಂದ ಪರತಂತ್ರ ಕಣಜ ತರಿಸಿ ಬಿಟ್ಟ ಮೇಲೆಯೇ ಹತೋಟಿಗೆ ಬಂದದ್ದು. ದೇಶದೊಳಗಿನ ನರ್ಸರಿಗಳೂ ಪೂರ್ತಿ ಸುರಕ್ಷಿತವಲ್ಲ. ಪೇರಲೆ ಸಸಿಗಳ ಜೊತೆಗೇ ಬೇರುಗಂಟಿನ ಜಂತುಹುಳು ಊರೂರು ಸುತ್ತಿದೆ. ಪೇರಲೆ ಕೊಳ್ಳುವಾಗ ಎಲೆಯ ಅಂದ ನೋಡಬೇಡಿ, ಪ್ಲಾಸ್ಟಿಕ್ ಚೀಲದ ತಳ ಸ್ವಲ್ಪ ಹರಿದು ಬೇರು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಗಿಡ ಪುಕ್ಕಟೆ ಕೊಟ್ಟರೂ ಬೇಡ.

ಎರಡು ವರ್ಷದ ಗಿಡಗಳನ್ನು ಆರಾರು ಅಡಿಗೆ ನೆಟ್ಟರೆ ಹಿತ್ತಲು ತುಂಬ ಚೆಂದ ಕಾಣುತ್ತದೆ. ಎಂಟನೆಯ ವರ್ಷಕ್ಕೆ ಅದು ಹಣ್ಣಿಲ್ಲದ ಪೊದೆ. ಜಾಗ ಕಡಿಮೆಯಿದ್ದವರು ಕತ್ತರಿ ಹಿಡಿಯಲು ಕಲಿಯಲೇಬೇಕು, ಆದರೆ ಎಲ್ಲ ಮರಕ್ಕೂ ಒಂದೇ ಕತ್ತರಿಯಲ್ಲ. ಹಲಸು ಹಣ್ಣು ಬಿಡುವುದು ಕಾಂಡ ಮತ್ತು ದಪ್ಪ ಕೊಂಬೆಗಳಲ್ಲಿ. ತಲೆ ಕಡಿದು ಹನ್ನೆರಡು ಅಡಿಗೆ ನಿಲ್ಲಿಸಿದರೂ ಫಸಲಿಗೆ ಧಕ್ಕೆಯಿಲ್ಲ, ಕೊಯ್ಯಲು ಏಣಿಯೂ ಬೇಡ. ರಂಬುಟಾನ್ ಹೂ ಬಿಡುವುದು ಕೊಂಬೆಯ ತುದಿಯಲ್ಲಿ, ಆದ್ದರಿಂದ ಕೊಯ್ಲಾದ ಕೂಡಲೇ ಹಣ್ಣು ಬಿಟ್ಟ ಕೊಂಬೆಗಳನ್ನು ಒಂದಡಿ ಹಿಂದಕ್ಕೆ ಕತ್ತರಿಸಬೇಕು. ತಡಮಾಡಿ ನವೆಂಬರಿನಲ್ಲಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಮ್ಯಾಂಗೋಸ್ಟೀನಿಗೆ ಕತ್ತರಿಯೇ ಬೇಡ, ತಾನಾಗಿ ಗೋಪುರದ ಆಕಾರಕ್ಕೆ ಬೆಳೆಯುತ್ತದೆ.

ಮಂಗಗಳ ವಿಷಯ ಬರೆಯಹೊರಟರೆ ಅಂಕಣ ಸಾಲದು. ರಂಬುಟಾನಿಗೆ ಬಲೆ ಹೊದೆಸದೆ ಈಗ ಹಣ್ಣು ಸಿಗುವುದಿಲ್ಲ. ಮರ ಚಿಕ್ಕದಿದ್ದರೆ ಮಾತ್ರ ಬಲೆ ಹೊದೆಸಲು ಸಾಧ್ಯ ಎಂಬುದು ಕತ್ತರಿ ಹಿಡಿಯಲು ಇನ್ನೊಂದು ಕಾರಣ. ಬಾವಲಿ ಕಚ್ಚಿದ ಹಣ್ಣನ್ನು ಎಷ್ಟೇ ಆಸೆಯಾದರೂ ತಿನ್ನಬಾರದು, 2018ರಲ್ಲಿ ಕೋಯಿಕ್ಕೋಡಿನ ನಿಪಾ ಸೋಂಕಿನ ನಂತರವಂತೂ ಇದಕ್ಕೆ ವಿವರಣೆ ಬೇಕಿಲ್ಲ. ಹಣ್ಣುನೊಣಕ್ಕೆ ಮಿಥೈಲ್ ಯೂಜಿನಾಲ್ ಬಲೆ ತೂಗಿಸುತ್ತಾರೆ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಬುಡದಲ್ಲಿ ಬಿದ್ದ ಹುಳುಕು ಹಣ್ಣನ್ನು ದಿನಾ ಹೆಕ್ಕಿ ಆಳವಾಗಿ ಹೂಳದಿದ್ದರೆ ಬಲೆಯಿಂದ ಹೆಚ್ಚೇನೂ ಆಗುವುದಿಲ್ಲ, ಮರಿಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ.

ಔಷಧೀಯ ಗುಣದ ಆಸೆಗೆ ಗಿಡ ನೆಡುವವರಿಗೆ ಒಂದು ಮಾತು. ಮುಳ್ಳು ರಾಮಫಲ, ಕೆಲವರು ಲಕ್ಷ್ಮಣಫಲ ಎನ್ನುವುದು, ಕ್ಯಾನ್ಸರಿಗೆ ಮದ್ದು ಎಂಬ ವಾಟ್ಸ್‌ಆಪ್ ಸಂದೇಶದಿಂದಾಗಿ ಎಷ್ಟೋ ಮನೆಯಂಗಳಕ್ಕೆ ಬಂದಿದೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಅದು ಸಾಬೀತಾಗಿಲ್ಲ. ಬದಲಿಗೆ ಗ್ವಾಡೆಲೂಪ್ ದ್ವೀಪದಲ್ಲಿ ಇದರ ಹಣ್ಣು, ಎಲೆಯ ಕಷಾಯ ಬಹಳ ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಹೆಚ್ಚೆಂದು ವೈದ್ಯರು ಗಮನಿಸಿದ್ದಾರೆ. ಹಣ್ಣಿನ ಪಾನಕ ಯಾವಾಗಲಾದರೊಮ್ಮೆ ಕುಡಿಯಿರಿ, ಎಲೆ ಕುದಿಸಿ ದಿನಾ ಕುಡಿಯಬೇಡಿ. ಕಿಡ್ನಿ ತೊಂದರೆ ಇದ್ದವರು ನಕ್ಷತ್ರಾಕಾರದ ಕರಂಬಲವನ್ನು ಮುಟ್ಟಲೇಬಾರದು, ಅದು ಪ್ರಾಣಕ್ಕೇ ಅಪಾಯ.

ಹಾಗಾದರೆ ಏನು ನೆಡಬೇಕು? ಕೆಲವು ಗಿಡಗಳನ್ನು ಮೊದಲೇ ಬಿಟ್ಟುಬಿಡಬಹುದು. ಲಿಚಿಗೆ ಚಳಿ ಬೇಕು. ಉತ್ತರ ಭಾರತದಲ್ಲಿ ಮೇ-ಜೂನ್‌ಗೆ ಬರುವ ಲಿಚಿ ಕೊಡಗಿನಲ್ಲಿ ವರ್ಷದ ಕೊನೆಗೆ ಹಣ್ಣಾಗುತ್ತದೆ, ಮಂಗಳೂರಿನಲ್ಲಿ ಬರೀ ಎಲೆ. ಬೆಂಗಳೂರು, ತುಮಕೂರಿನ ಒಣಗಾಳಿಯಲ್ಲಿ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್ ಎಲೆಯಂಚು ಸುಟ್ಟುಕೊಂಡು ನರಳುತ್ತವೆ. ಅಲ್ಲಿಗೆ ಬೆಣ್ಣೆಹಣ್ಣು, ಸೀತಾಫಲ, ದೇವನಹಳ್ಳಿ ಚಕ್ಕೋತ ಸಾಕು. ಕರಾವಳಿಯ ಐದು ಸೆಂಟ್ಸಿನವರಿಗೆ ನಾನು ಹೇಳುವುದು ಆರೇಳು ಮರ, ಅದೂ ತಿಂಗಳ ಲೆಕ್ಕದಲ್ಲಿ. ಒಂದೇ ತಿಂಗಳಲ್ಲಿ ಎಲ್ಲ ಹಣ್ಣಾದರೆ ಹಂಚಿ ಸುಸ್ತಾಗುತ್ತದೆ, ಉಳಿದ ಹನ್ನೊಂದು ತಿಂಗಳು ಅಂಗಡಿಯ ಸೇಬು. ಚಳಿಗಾಲಕ್ಕೊಂದು ಚಿಕ್ಕು, ಬೇಸಿಗೆಯ ಆರಂಭಕ್ಕೆ ಜಂಬುನೇರಳೆ, ಏಪ್ರಿಲ್-ಮೇಗೆ ಒಂದು ಮಾವು ಮತ್ತು ತಲೆ ಕಡಿದ ಹಲಸು, ಮಳೆಗಾಲಕ್ಕೆ ಕಸಿ ರಂಬುಟಾನ್, ಅದರ ಹಿಂದೆಯೇ ಬೆಣ್ಣೆಹಣ್ಣು. ಮಕ್ಕಳಿದ್ದ ಮನೆಗೆ ಅಬಿಯು. ಮೂರನೆಯ ವರ್ಷಕ್ಕೇ ಹಣ್ಣು ಕೊಡುವ ಅಮೆಜಾನಿನ ಮರ. ಪೂರ್ತಿ ಹಳದಿಯಾಗುವ ಮುಂಚೆ ತಿಂದರೆ ಮೇಣಕ್ಕೆ ತುಟಿ ಅಂಟುತ್ತದೆ, ಮಕ್ಕಳಿಗೆ ಅದೂ ಒಂದು ಆಟವೇ. ನೆರಳಿನ ಮೂಲೆ ಉಳಿದಿದ್ದರೆ ಮ್ಯಾಂಗೋಸ್ಟೀನ್, ಇಲ್ಲದಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಒಂದು ಹೆಣ್ಣು ಪುನರ್ಪುಳಿ ವರ್ಷವಿಡೀ ಸಾರಿಗೂ ಶರಬತ್ತಿಗೂ ಆದೀತು.

ಈ ಪಟ್ಟಿಯ ಮಾವು, ಹಲಸನ್ನು ನರ್ಸರಿಯಿಂದ ತರಬೇಡಿ ಎಂಬುದು ನನ್ನ ಕೊನೆಯ ಮತ್ತು ಮುಖ್ಯ ಸಲಹೆ. ಇವೆರಡರ ತವರು ನಮ್ಮದೇ ನೆಲ. ಹಲಸಿನ ಪ್ರತಿ ಬೀಜವೂ ಹೊಸ ತಳಿ, ಹಾಗಾಗಿ ನಿಮ್ಮ ಊರಿನ ಯಾರದೋ ಹಿತ್ತಲಲ್ಲಿ ಬೇರೆಲ್ಲೂ ಇಲ್ಲದ ಮರವೊಂದು ಇದ್ದೇ ಇದೆ. ಗುಬ್ಬಿ ತಾಲೂಕಿನ ಚೇಳೂರಿನ ಒಂದೇ ಒಂದು ಮರ, ಕೆಂಪು ತೊಳೆಯ ‘ಸಿದ್ದು’ ಹಲಸು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಣ್ಣಿಗೆ ಬಿದ್ದ ಮೇಲೆ ಅದರ ಕಸಿಗಳಿಗೆ ಊರೂರಿನಿಂದ ಬೇಡಿಕೆ ಬಂತು. ಪುತ್ತೂರಿನ ‘ಅಡಿಕೆ ಪತ್ರಿಕೆ’ ವರ್ಷಗಳಿಂದ ಇಂಥ ಮರಗಳ ಬಗ್ಗೆ ಬರೆಯುತ್ತಲೇ ಬಂದಿದೆ. ಆದರೂ ರಸ್ತೆ ಅಗಲ ಮಾಡಲು, ಹಳೇ ಮನೆ ಕೆಡವಲು ಮೊದಲು ಉರುಳುವುದು ಇವೇ.

ಈ ಮಳೆಗಾಲದಲ್ಲಿ ಹೊಸ ಪರದೇಶಿ ಗಿಡ ತರುವ ಮುಂಚೆ, ನೀವು ಚಿಕ್ಕಂದಿನಲ್ಲಿ ತಿಂದ ಯಾವ ಹಲಸು, ಯಾವ ಕಾಟುಮಾವಿನ ರುಚಿ ಇನ್ನೂ ನೆನಪಿದೆಯೋ ಆ ಮರ ನಿಂತಿದೆಯೇ ವಿಚಾರಿಸಿ. ನಿಂತಿದ್ದರೆ ಪೆನ್ಸಿಲ್ ದಪ್ಪದ ನಾಲ್ಕು ಕುಡಿ ಆರಿಸಿ, ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿಡಿ. ವಾರ, ಹತ್ತು ದಿನ ಬಿಟ್ಟು ತುದಿಯ ಮೊಗ್ಗು ಉಬ್ಬಿದಾಗ ಕುಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದೇ ದಿನ ಹತ್ತಿರದ ಕಸಿಗಾರರ ಕೈಗೆ ಕೊಡಿ. ನಾಲ್ಕರಲ್ಲಿ ಎರಡು ಹತ್ತಿದರೆ ಒಂದು ನಿಮಗೆ, ಇನ್ನೊಂದು ಆ ಮರದ ಯಜಮಾನರಿಗೆ.